ಬೇರೆ ಕಿಟಕಿಯಲ್ಲಿ ಕಂಡ ಅಕ್ಕ

ನನ್ನ ಅಕ್ಕನ ಮಣ್ಣಿಗೆ ನಾನು ಹೋಗಲಿಲ್ಲ. ಮೊದಲು ‘ಹೋಗಲಾಗಲಿಲ್ಲ’ ಎಂದು ಬರೆದು ಅಳಿಸಿದೆ. ಆಮೇಲೆ ‘ಗೊತ್ತಾಗಲಿಲ್ಲ’ ಎಂದು ಬರೆದು ಅದನ್ನೂ ಅಳಿಸಿದೆ. ಗೋಕಾಕದ ಕೋರ್ಟಿನ ಎದುರು ಇಪ್ಪತ್ತೆರಡು ವರ್ಷದಿಂದ ಮಂದಿಯ ಅಫಿಡವಿಟ್ಟು, ಅರ್ಜಿ, ಬಾಂಡು ಟೈಪ್ ಮಾಡಿಕೊಡುತ್ತಿರುವವಳು ನಾನು. ಯಾವ ಶಬ್ದ ಹಾಕಿದರೆ ತಪ್ಪು ಯಾರ ತಲೆಯಿಂದ ಇಳಿದು ಯಾರ ತಲೆಗೆ ಏರುತ್ತದೆ ಎಂಬುದು ನನ್ನ ಬೆರಳುಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಇದೊಂದನ್ನಾದರೂ ನೆಟ್ಟಗೆ ಬರೆಯುತ್ತೇನೆ. ಹೋಗಲಿಲ್ಲ.

ನಾವು ಇಬ್ಬರೇ ಹೆಣ್ಣುಮಕ್ಕಳು, ಅಣ್ಣತಮ್ಮಂದಿರಿಲ್ಲ. ಹುಟ್ಟಿದ್ದು ಮೂಡಲಗಿಯಲ್ಲಿ. ಅಕ್ಕನನ್ನು ಹುಕ್ಕೇರಿಗೆ ಕೊಟ್ಟರು, ನನ್ನನ್ನು ಗೋಕಾಕಕ್ಕೆ. ನಮ್ಮ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಅದಕ್ಕೆ ಮಣ್ಣು ಎನ್ನುತ್ತಾರೆ. ಮದುವೆಯಾದ ಹೆಂಗಸು ಸತ್ತರೆ ತವರಿನಿಂದ ಒಂದು ಸೀರೆ ಬರಬೇಕು. ಅದನ್ನು ಮೈಮೇಲೆ ಹೊದಿಸಿಯೇ ಹೆಣ ಎತ್ತುವುದು. ಗಂಡನ ಮನೆಯವರು ರೇಷ್ಮೆಯನ್ನೇ ತಂದಿಟ್ಟಿದ್ದರೂ ತವರಿನ ಸೀರೆ ಬರುವ ತನಕ ಎಲ್ಲರೂ ಕಾಯುತ್ತಾರೆ. ಸಾಮಾನ್ಯವಾಗಿ ಅದನ್ನು ಅಣ್ಣನೋ ತಮ್ಮನೋ ತರುತ್ತಾನೆ. ನಮಗೆ ಆ ಭಾಗ್ಯ ಇಲ್ಲವಲ್ಲ ಎಂದು, ಅಪ್ಪ ತೀರಿಕೊಂಡ ವರ್ಷ ಮೂಡಲಗಿ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಾಗ ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು.

“ನೀ ಮೊದಲ ಹೋದ್ರ ನಾ ತರ್ತೀನಿ. ನಾ ಮೊದಲ ಹೋದ್ರ ನೀ ತಾ,” ಎಂದಳು ಅಕ್ಕ.

“ಮತ್ತ ಉಳದಾಕಿಗೆ ಯಾರು ತರತಾರ?” ಎಂದೆ.

“ಉಳದಾಕಿ ಹಂಗ ಹೋಗಲಿ. ಬಾಯಿ ಜೋರ ಐತಿ, ಮ್ಯಾಲೆ ಹೋಗಿ ನನ್ನ ಕೂಡ ಜಗಳಾಡಿ ಇಸಗೋತಾಳ,” ಎಂದು ನನ್ನ ತೊಡೆಗೆ ಹೊಡೆದು ನಕ್ಕಳು. ಉಳಿಯುವವಳು ನಾನೇ ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದಳು.

ಬಾಯಿ ಜೋರು ಎಂದು ಅವಳು ಅಂದದ್ದರಲ್ಲಿ ಸುಳ್ಳಿಲ್ಲ. ನನಗೆ ಸಿಟ್ಟು ಬಂದರೆ ಮುಂದಿರುವವರು ಯಾರು ಎಂಬ ಖಬರು ಇರುವುದಿಲ್ಲ. ವಕೀಲರಿಗೂ ಬೈದಿದ್ದೇನೆ, ಪೊಲೀಸರಿಗೂ ಬೈದಿದ್ದೇನೆ. ಅಕ್ಕ ಹಾಗಲ್ಲ. ಅವಳಿಗೆ ನಾಲ್ಕು ಮಂದಿ ಚಲೋ ಅನ್ನಬೇಕು, ಅಷ್ಟೇ. ಫೋನು ಕೈಗೆ ಬಂದ ಮೇಲಂತೂ ಅವಳ ಮನೆಯ ರಂಗೋಲಿ, ಹೋಳಿಗೆ, ಹೊಸ ಕನ್ನಡಕ ಎಲ್ಲವೂ ಬಂಧುಬಳಗದ ಗ್ರೂಪಿಗೆ ಬಂದು ಬೀಳುತ್ತಿದ್ದವು. ಆ ಗ್ರೂಪಿನಲ್ಲಿ ಮೂಡಲಗಿ, ಕಲ್ಲೋಳಿ, ಹುಕ್ಕೇರಿ, ಗೋಕಾಕದ ನಮ್ಮ ಬೀಗರು ಬಿಜ್ಜರೆಲ್ಲ ಸೇರಿ ಇನ್ನೂರು ಮಂದಿ ಇದ್ದೆವು.

ನಾನು ಅದನ್ನು ನೋಡುತ್ತಿದ್ದದ್ದು ಫೋನಿಗಿಂತ ಹೆಚ್ಚಾಗಿ ನನ್ನ ಟೈಪಿಂಗ್ ಟೇಬಲ್ಲಿನ ಕಂಪ್ಯೂಟರಿನಲ್ಲಿ. ಅದಕ್ಕಾಗಿಯೇ ಅದರಲ್ಲಿ ಒಂದು ಬೇರೆ ಆ್ಯಪು ಹಾಕಿಸಿದ್ದೆ. ಹಾಕಿಸಿದ್ದು ನನ್ನ ಹುಚ್ಚುತನದಿಂದ. ಮೊದಲು ಎಲ್ಲವೂ ಒಂದೇ ಬ್ರೌಸರಿನಲ್ಲಿ ಇರುತ್ತಿದ್ದವು: ಹೊಲದ ಉತಾರ, ಅಂದರೆ ಪಹಣಿ ತೆಗೆಯುವ ಪುಟ, ಕೇಸಿನ ತಾರೀಖು ನೋಡುವ ಪುಟ, ಮಗ್ಗುಲಲ್ಲೇ ಮಂದಿಯ ಫೋಟೊ. ಒಂದು ದಿನ ಪಕ್ಷಗಾರನೊಬ್ಬ ತಲೆಯ ಮೇಲೆ ನಿಂತು ಅವಸರ ಮಾಡುತ್ತಿದ್ದಾಗ, ಬಳಗದವರ ಕೂಸಿನ ಜವಳದ ಫೋಟೊ ಕೆಳಗೆ “ಸದರಿ ಆಸ್ತಿಯ ಮೇಲೆ ನನಗೆ ಯಾವುದೇ ಹಕ್ಕು ಇರುವುದಿಲ್ಲವೆಂದು ಸತ್ಯ ಪ್ರಮಾಣ ಮಾಡಿ ಹೇಳುತ್ತೇನೆ” ಎಂದು ಹಾಕಿಬಿಟ್ಟೆ. ಕೂಸಿನ ಅಜ್ಜಿ ಫೋನ್ ಮಾಡಿ, “ಅಲ್ಲಬೇ, ನಮ್ಮ ಕೂಸಿನ ಮ್ಯಾಲೆ ನಿನಗ ಹಕ್ಕು ಕೊಡತೇನಂತ ಯಾರ ಅಂದಿದ್ರ?” ಎಂದು ಕೇಳಿದಳು. ಅಕ್ಕ ಇದನ್ನು ಒಂದು ವರ್ಷ ಆಡಿಕೊಂಡು ನಕ್ಕಳು.

ಕಂಪ್ಯೂಟರ್ ರಿಪೇರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ ಮೇಲೆ ಆ ಆ್ಯಪನ್ನು ಹಾಕಿಕೊಟ್ಟ. “ಇದು ಬ್ರೌಸರಿಗೆ ಸಂಬಂಧ ಇಲ್ದ ಬ್ಯಾರೆನ ಕಿಡಕಿರಿ ಅಕ್ಕಾರ. ಕೆಲಸ ಅಲ್ಲಿ, ಮಂದಿ ಸುದ್ದಿ ಇಲ್ಲಿ. ಇನ್ನ ಕಲಸೂದಿಲ್ಲ,” ಎಂದ. ಪರದೆಯ ಬಲಗಡೆ ಉದ್ದಕ್ಕೆ ಸಣ್ಣ ಜಾಗದಲ್ಲಿ ಅದನ್ನು ಕೂಡಿಸಿದೆ. ಜಾಗ ಸಣ್ಣದಾದ್ದರಿಂದ ಫೋಟೊಗಳ ಮೇಲಿನ ಅರ್ಧವಷ್ಟೇ ಕಾಣುತ್ತಿತ್ತು. ಪೂರ್ತಿ ನೋಡಬೇಕೆಂದರೆ ಅದರ ಮೇಲೆ ಒತ್ತಬೇಕು. ಕಾಮೆಂಟುಗಳದೂ ಹಾಗೇ. ಎಷ್ಟು ಬಂದಿವೆ ಎಂಬ ಅಂಕಿ ಕಾಣುತ್ತಿತ್ತು, ಏನು ಬರೆದಿದ್ದಾರೆ ಎಂಬುದು ಒತ್ತಿದರೆ ಮಾತ್ರ. ನನಗೆ ಅಷ್ಟು ಸಾಕಾಗಿತ್ತು.

ಅವ್ವ ಕೊನೆಯ ಮೂರು ವರ್ಷ ನನ್ನ ಮನೆಯಲ್ಲಿದ್ದಳು. ಹಾಸಿಗೆ ಹಿಡಿದಿದ್ದಳು. ಬೆಳಗ್ಗೆ ಎದ್ದು ಅವಳ ಮೈ ಒರೆಸಿ, ಬಟ್ಟೆ ಬದಲಿಸಿ, ಅಂಬಲಿ ಕುಡಿಸಿ ನಾನು ಟೇಬಲ್ಲಿಗೆ ಬರುತ್ತಿದ್ದೆ. ಅಕ್ಕ ಹದಿನೈದು ದಿನಕ್ಕೊಮ್ಮೆ ಹುಕ್ಕೇರಿಯಿಂದ ಬಂದು, ಅವ್ವನ ತಲೆ ಬಾಚಿ, ಎರಡು ತಾಸು ಕೂತು, ಫೋಟೊ ಹಿಡಿದುಕೊಂಡು ಹೋಗುತ್ತಿದ್ದಳು. ಆಗ ನನಗೆ ಏನೂ ಅನಿಸುತ್ತಿರಲಿಲ್ಲ. ಅವಳು ಬಂದರೆ ನನಗೂ ಎರಡು ತಾಸು ಬೆನ್ನು ನೆಲಕ್ಕೆ ಹತ್ತುತ್ತಿತ್ತು.

ಅವ್ವ ಹೋಗಿ ವರ್ಷ ತುಂಬಿದ ದಿನ ಅಕ್ಕ ಗ್ರೂಪಿಗೆ ಒಂದು ಫೋಟೊ ಹಾಕಿದಳು. ಅವ್ವನ ತಲೆಯ ಮೇಲೆ ಕೈಯಿಟ್ಟು ಕೂತಿದ್ದಾಳೆ. ಮೇಲೆ, “ಅವ್ವನ ಸೇವೆ ಮಾಡುವ ಭಾಗ್ಯ ನನ್ನ ಪಾಲಿಗೆ ಬಂದಿತ್ತು” ಎಂಬ ಬರಹ. ಫೋಟೊದ ಮೂಲೆಯಲ್ಲಿ ಚಮಚ ಹಿಡಿದ ಒಂದು ಕೈ, ಅದರಲ್ಲಿ ಎರಡು ಹಸಿರು ಬಳೆ. ಆ ಕೈ ನನ್ನದು. ನನ್ನನ್ನು ಕತ್ತರಿಸಿ ತೆಗೆದು, ಕೈಯನ್ನಷ್ಟೇ ತೆಗೆಯಲು ಮರೆತಿದ್ದಳು. ಮೂರು ವರ್ಷದ ದಣಿವೆಲ್ಲ ಒಮ್ಮೆಲೇ ನೆತ್ತಿಗೇರಿತು. ಇನ್ನೂರು ಮಂದಿಯ ಮುಂದೆ ಬರೆದೆ: “ಆ ಮೂಲ್ಯಾಗ ಚಮಚ ಹಿಡದ ಕೈ ಯಾರದಂತನೂ ಬರೀಬೇಕಿತ್ತು. ಹದಿನೈದ ದಿನಕ್ಕೊಮ್ಮೆ ಬಂದು ಫೋಟೊ ಹೊಡಕೊಂಡ ಹೋಗೂದಕ್ಕ ಸೇವಾ ಅನ್ನೂದಿಲ್ಲ.”

ಹತ್ತು ನಿಮಿಷಕ್ಕೆ ಅಕ್ಕನ ಫೋನು ಬಂತು. ಅಳುತ್ತಿದ್ದಳು.

“ಮಂದ್ಯಾಗ ನನ್ನ ಮಾನ ಕಳದ್ಯಲ್ಲ ತಂಗಿ. ಒಂದ ಫೋನ್ ಮಾಡಿದ್ರ ನಾನ ತಗದ ಹಾಕ್ತಿದ್ದಿಲ್ಲೇನು?”

“ಮಾನ ಇದ್ದವರದು ಹೋಗತೈತಿ.”

“ಹಿಂಗ ಅನಬ್ಯಾಡ. ನಾ ಏನ ಬೇಕಂತ ಮಾಡಿಲ್ಲ. ಫೋಟೊ ಚಂದ ಬಂದಿತ್ತು, ಹಾಕಿದೆ.”

“ಅವ್ವ ನನ್ನ ಕೈಯಾಗ ಹೋಗ್ಯಾಳ. ನೀ ಚಂದಾದ್ಯಲ್ಲ, ಸಾಕ. ಇನ್ನ ನನ್ನ ಕೂಡ ಮಾತಾಡಬ್ಯಾಡ. ನಿನ್ನ ಮಣ್ಣಿಗೂ ಬರೂದಿಲ್ಲ ನಾ!”

ನಮ್ಮ ಕಡೆ ಈ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಬದುವಿಗೆ ಜಗಳವಾದರೂ ಇದನ್ನೇ ಅನ್ನುತ್ತಾರೆ, ಮದುವೆಯಲ್ಲಿ ಊಟಕ್ಕೆ ಕರೆಯುವುದು ಮರೆತರೂ ಇದನ್ನೇ ಅನ್ನುತ್ತಾರೆ. ಅಂದವರು ನಾಲ್ಕು ದಿನಕ್ಕೆ ಒಂದೇ ತಾಟಿನಲ್ಲಿ ಉಣ್ಣುತ್ತಾರೆ. ಆ ಧೈರ್ಯದಿಂದಲೇ ನಾನೂ ಅಂದಿರಬೇಕು. ಅಕ್ಕ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಬರಬ್ಯಾಡ ಬಿಡ,” ಎಂದಳು. “ಸೀರಿ ಅಷ್ಟ ಕಳಸು.”

ನಾನು ಫೋನು ಕಟ್ ಮಾಡಿದೆ. ಅವಳ ನಂಬರು, ಅವಳ ಗಂಡನದು, ಮಗನದು ಮೂರನ್ನೂ ಬ್ಲಾಕ್ ಮಾಡಿದೆ. ಫೋನಿನಿಂದ ಗ್ರೂಪಿನ ಆ್ಯಪನ್ನು ಕಿತ್ತುಹಾಕಿದೆ. ಇನ್ನು ಈಕೆಯ ಮುಖ ನೋಡುವುದಿಲ್ಲ ಎಂದು ಮಗಳ ಮುಂದೆ ದೊಡ್ಡದಾಗಿ ಸಾರಿದೆ. ಆದರೆ ಟೇಬಲ್ಲಿನ ಕಂಪ್ಯೂಟರಿನಿಂದ ತೆಗೆಯಲಿಲ್ಲ. ಕೆಲಸಕ್ಕೆ ಬೇಕಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ಕೆಲಸ ಮಣ್ಣು! ಮರುದಿನ ಹೋಗಿ ಮೊದಲು ತೆರೆದದ್ದು ಅದನ್ನೇ. ಅಕ್ಕ ಆ ಫೋಟೊ ತೆಗೆದುಹಾಕಿದ್ದಳು.

ಅದೇ ವಾರ ಪ್ರಿಂಟರು ರಿಪೇರಿಗೆಂದು ಆ ಕಂಪ್ಯೂಟರಿನವನು ಬಂದಾಗ ಕೇಳಿದೆ, “ಏನಪಾ, ಇದರಾಗ ನಾ ನೋಡಿದ್ದು ಮಂದಿಗೆ ಗೊತ್ತಾಗತೈತೇನು?”

“ಲೈಕ್ ಒತ್ತಬ್ಯಾಡ್ರಿ, ಕಾಮೆಂಟ್ ಹಾಕಬ್ಯಾಡ್ರಿ, ಫೋಟೊ ಒತ್ತಬ್ಯಾಡ್ರಿ. ಬರೇ ನೋಡಿದ್ರ ಯಾವ ದೇವರಿಗೂ ಗೊತ್ತಾಗೂದಿಲ್ರಿ ಅಕ್ಕಾರ.”

ಅವತ್ತಿನಿಂದ ಅದೇ ನನ್ನ ನೇಮವಾಯಿತು. ನೋಡುವುದು, ಒತ್ತದೇ ಇರುವುದು. ಎರಡು ಅಫಿಡವಿಟ್ಟುಗಳ ನಡುವೆ ಆ ಬೇರೆ ಕಿಟಕಿ ತೆರೆದು ಅಕ್ಕ ಏನು ಹಾಕಿದ್ದಾಳೆ ಎಂದು ನೋಡುವುದು, ಮೌಸಿನ ಗಾಲಿ ಉರುಳಿಸಿ ಮುಂದೆ ಹೋಗುವುದು. ಏಳು ತಿಂಗಳು ಹೀಗೇ ನಡೆಯಿತು. ಮೊದಲಿಗಿಂತ ಅವಳು ಹೆಚ್ಚಾಗಿಯೇ ಹಾಕುತ್ತಿದ್ದಳು. ಹುಕ್ಕೇರಿ ಸಂತೆಯಲ್ಲಿ ಕೊಂಡ ಬದನೆಕಾಯಿ ಹಾಕಿದಳು. ಮನೆಯ ಮುಂದಿನ ರಂಗೋಲಿ ಹಾಕಿದಳು. ಕಲ್ಲೋಳಿಯ ಮದುವೆಯೊಂದಕ್ಕೆ, ಅವಳು ಬರುತ್ತಾಳೆಂದೇ ನಾನು ಹೋಗಿರಲಿಲ್ಲ. ಅಲ್ಲಿ ಅಕ್ಕಿಕಾಳು ಹಿಡಿದು ನಿಂತದ್ದನ್ನೂ ಹಾಕಿದಳು. ಸ್ವಲ್ಪ ಸೊರಗಿದ್ದಾಳೆ ಅನಿಸಿತು. ಸಕ್ಕರೆ ಕಾಯಿಲೆಯವಳು, ಮದುವೆಯಲ್ಲಿ ಜಿಲೇಬಿ ತಿಂದಿರುತ್ತಾಳೆ ಹಡಬಿಟ್ಟಿ ಎಂದು ಟೇಬಲ್ಲಿನಲ್ಲೇ ಕೂತು ಬೈದೆ. ನನ್ನ ಹುಟ್ಟಿದ ದಿನ, ಹೆಸರಿಲ್ಲದೆ, “ತಂಗಿ ಚಂದ ಇರಲಿ” ಎಂದು ಬರೆದು ಒಂದು ಹೂವಿನ ಚಿತ್ರ ಹಾಕಿದ್ದಳು. ಬಾಣದ ಗುರುತನ್ನು ಅದರ ಮೇಲೆ ತಂದು ನಿಲ್ಲಿಸಿ ಬಹಳ ಹೊತ್ತು ಕೂತೆ. ಬೆರಳು ಬಾಗಲಿಲ್ಲ. ಅವಳೇ ಬಂದು ನನ್ನ ಮುಂದೆ ನಿಂತು ತಪ್ಪಾಯಿತು ಅನ್ನಲಿ ಎಂಬ ಸೊಕ್ಕು ನನಗೆ. ಫೋನು ಬ್ಲಾಕ್ ಮಾಡಿದವಳು ನಾನೇ ಎಂಬುದು ನೆನಪಾಗಲಿಲ್ಲ.

ಆ ದಿನ ಸೋಮವಾರ. ಕೋರ್ಟಿನ ಮುಂದೆ ಜಾತ್ರೆಯಷ್ಟು ಮಂದಿ. ಹನ್ನೊಂದು ಗಂಟೆಗೆ ಒಬ್ಬರ ಕಾಗದ ಮುಗಿಸಿ, ಇನ್ನೊಬ್ಬರು ಆಧಾರ್ ಝೆರಾಕ್ಸ್ ತರಲು ಹೋದಾಗ ಆ ಕಿಟಕಿ ತೆರೆದೆ. ಮೇಲೆಯೇ ಅಕ್ಕನ ಮುಖ. ಹಣೆ ತುಂಬ ಕುಂಕುಮ, ಹಸಿರು ಸೀರೆ, ಹಿಂದೆ ನೀಲಿ ಮೋಡದ ಚಿತ್ರ, ಸುತ್ತ ಚೆಂಡು ಹೂವಿನ ಅಂಚು. ಹಾಕಿದ್ದು ಅವಳ ಮಗ. ಮೇಲೆ ಏನೂ ಬರೆದಿಲ್ಲ, ಮುಗಿದ ಎರಡು ಕೈಗಳ ಗುರುತು ಮಾತ್ರ. ಕೆಳಗೆ ಎಂಬತ್ತು ಕಾಮೆಂಟು ಎಂಬ ಅಂಕಿ.

ನಮ್ಮ ಕಡೆಯ ಫ್ಲೆಕ್ಸ್ ಅಂಗಡಿಯವರಿಗೆ ಇರುವುದು ಒಂದೇ ನಮೂನೆ. ಹುಟ್ಟುಹಬ್ಬಕ್ಕೂ ಅದೇ ಮೋಡ, ಪಂಚಾಯತಿಯಲ್ಲಿ ಆರಿಸಿ ಬಂದವರಿಗೂ ಅದೇ ಮೋಡ, ಅದೇ ಚೆಂಡು ಹೂವು. ಹಿಂದಿನ ವಾರವಷ್ಟೇ ಅಕ್ಕ, ಅವರ ಓಣಿಯ ಮಹಿಳಾ ಸಂಘಕ್ಕೆ ಅಧ್ಯಕ್ಷರನ್ನು ಆರಿಸುತ್ತಾರೆ ಎಂದು ಬರೆದಿದ್ದಳು. ಆತು, ಆರಿಸಿ ಬಂದಳು ಎಂದುಕೊಂಡೆ. ಆ ಎಂಬತ್ತರ ಅಂಕಿ ಕಣ್ಣಿಗೆ ಚುಚ್ಚಿತು. ನಾನು ಮನೆ ಕಟ್ಟಿಸಿ ಫೋಟೊ ಹಾಕಿದಾಗ ಬಂದದ್ದು ಹನ್ನೊಂದು.

“ಇನ್ನ ಹಿಡಿಯೋರಿಲ್ಲ ಈಕಿನ್ನ,” ಎಂದು ಬಾಯಿಬಿಟ್ಟು ಅಂದೆ. ಗಾಲಿ ಉರುಳಿಸಿದೆ. ಅಕ್ಕ ಮೇಲೆ ಸರಿದು ಹೋದಳು. ಝೆರಾಕ್ಸ್ ತಂದವನ ಹೆಸರು ಕೇಳಿ ಟೈಪ್ ಮಾಡಲು ಸುರು ಮಾಡಿದೆ. ಒಂದು ಗಂಟೆಗೆ ರೊಟ್ಟಿ ಬಿಚ್ಚಿ ಉಂಡೆ. ಝುಣಕದಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಮಗಳಿಗೆ ಫೋನ್ ಮಾಡಿ ಬೈದೆ. ಅಕ್ಕ ಹುಕ್ಕೇರಿಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ ಹೆಣವಾಗಿ ನನ್ನ ದಾರಿ ಕಾಯುತ್ತಿದ್ದಾಗ ನಾನು ಉಪ್ಪಿನ ಮಾತು ಆಡುತ್ತಿದ್ದೆ.

ಮರುದಿನ ಬೆಳಗ್ಗೆ ಕಲ್ಲೋಳಿಯಿಂದ ದೂರದ ಬಳಗದವರೊಬ್ಬರು ಬಂದರು. ಆಧಾರಿನಲ್ಲಿ ಒಂದು ಹೆಸರು, ಉತಾರದಲ್ಲಿ ಇನ್ನೊಂದು ಹೆಸರು. ಎರಡೂ ನಾನೇ ಎಂದು ಅವರಿಗೆ ಅಫಿಡವಿಟ್ಟು ಬೇಕಿತ್ತು. ಕುರ್ಚಿ ಎಳೆದುಕೊಂಡು ಕೂತು, ಪಾಪ, ಮಾತಿಗೆ ಮಾತು ಎಂಬಂತೆ ಕೇಳಿದರು.

“ನಿನ್ನೆ ಮುಟ್ಟೂದು ಬಾಳ ಹೊತ್ತಾತೇನ್ರಿ ನಿಮ್ಮದು? ಮಣ್ಣಾಗೂದ್ರಾಗ ಕತ್ತಲಾತಂತ ಅಂದ್ರು.”

“ಯಾರ ಮಣ್ಣರಿ?”

ಅವರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ಕಾಗದಗಳನ್ನು ಮಡಚಿದರು, ಮತ್ತೆ ಬಿಚ್ಚಿದರು. “ಅಯ್ಯ ಯವ್ವಾ... ನಿಮಗ... ಹುಕ್ಕೇರಿ ನಿಮ್ಮ ಅಕ್ಕಾರದು...” ಎಂದು ನಿಲ್ಲಿಸಿದರು.

ನಾನು ಕಂಪ್ಯೂಟರಿನ ಕಡೆ ತಿರುಗಿದೆ. ಆ ಕಿಟಕಿ ತೆರೆದೆ. ಏಳು ತಿಂಗಳಲ್ಲಿ ಮೊದಲ ಸಲ ಒತ್ತಿದೆ. ಫೋಟೊ ದೊಡ್ಡದಾಗಿ, ಕೆಳಗಿನ ಅರ್ಧ ಮೇಲೆ ಬಂತು. ಇಂದು ಬೆಳಗ್ಗೆ ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಮಣ್ಣು ಸಂಜೆ ನಾಲ್ಕು ಗಂಟೆಗೆ. ಕಾಮೆಂಟುಗಳನ್ನು ಒತ್ತಿದೆ. ಓಂ ಶಾಂತಿ, ಓಂ ಶಾಂತಿ, ಓಂ ಶಾಂತಿ. ಎಂಬತ್ತು ಇದ್ದದ್ದು ನೂರಾ ಎಪ್ಪತ್ತು ಆಗಿತ್ತು. ಹನ್ನೊಂದಕ್ಕೆ ಒತ್ತಿದ್ದರೆ ಹನ್ನೆರಡರ ಬಸ್ಸು ಸಿಗುತ್ತಿತ್ತು. ಎರಡಕ್ಕೆ ಅಕ್ಕನ ಮುಂದೆ ಇರುತ್ತಿದ್ದೆ. ಟೇಬಲ್ಲಿನ ಮೇಲೆ ಹಣೆಯಿಟ್ಟು ನಾನು ಕೂಗಿದ ಕೂಗಿಗೆ ಪಕ್ಕದ ಟೈಪಿಂಗಿನವರೆಲ್ಲ ಎದ್ದು ಬಂದರು. ಕಲ್ಲೋಳಿಯವರು ನೀರು ತಂದುಕೊಟ್ಟು ಅಲ್ಲೇ ನಿಂತಿದ್ದರು.

ಮಣ್ಣಾಗಿ ಹೋದ ಮೇಲೆ ಸೀರೆ ಯಾಕೆ ಎಂದು ಯಾರಾದರೂ ಕೇಳಬಹುದು. ನನಗೂ ಗೊತ್ತಿರಲಿಲ್ಲ. ಕಾಲು ಬಸ್‌ಸ್ಟ್ಯಾಂಡಿಗೆ ಹೋಗುವುದು ಬಿಟ್ಟು ಪ್ಯಾಟಿಯ ಸೀರೆ ಅಂಗಡಿಗೆ ಹೋದವು. ಅಕ್ಕನಿಗೆ ಒಂದು ಹಸಿರು ಸೀರೆ ಕೊಡು ಎಂದೆ.

“ಅಕ್ಕಾರಿಗೇನ್ರಿ? ಅವರು ಕೆಂಪಗದಾರೇನು, ಕಪ್ಪಗದಾರೇನ್ರಿ? ಅದಕ್ಕ ಹೊಂದೂವಂಥಾದ್ದು ತೋರಸ್ತೇನಿ,” ಎಂದ ಅಂಗಡಿಯವ.

“ಹಸರ ಕೊಡಂದ್ರ ಹಸರ ಕೊಡಪಾ!” ಎಂದು ಚೀರಿದೆ. ಅವನು ಸುಮ್ಮನೆ ಕಟ್ಟಿಕೊಟ್ಟ. ಘಟಪ್ರಭಾ ದಾಟುವ ತನಕ ಆ ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಈಗ ಅವಸರ ಮಾಡಿ ಏನಾಗಬೇಕು ಎಂದು ಗೊತ್ತಿದ್ದರೂ ಡ್ರೈವರನಿಗೆ ಬೈಯುತ್ತಲೇ ಇದ್ದೆ.

ಅಕ್ಕನ ಮನೆಯ ಅಂಗಳದಲ್ಲಿ ಹೆಂಗಸರು ಕೂತಿದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿದರು. ಯಾರೂ ಎದ್ದು ಬಂದು ಕೊರಳಿಗೆ ಬಿದ್ದು ಅಳಲಿಲ್ಲ. ಸಾವಿನ ಮನೆಯಲ್ಲಿ ಹೆಂಗಸರು ಅಳಲು ಎದ್ದು ಬರಲಿಲ್ಲವೆಂದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅಕ್ಕನ ಮಗ ಒಳಗೆ ಚಾಪೆಯ ಮೇಲೆ ಕೂತಿದ್ದ. ನಾನೇ ಎತ್ತಿ ಆಡಿಸಿದವನು, ಈಗ ಗಡ್ಡ ಬಂದ ಗಂಡಸು.

“ಮುಂಜಾನೆ ಐದಕ್ಕ ಎದಿ ಹಿಡದ್ಲು ಚಿಗವ್ವ,” ಎಂದ. “ದವಾಖಾನಿ ಮುಟ್ಟೂದ್ರಾಗ ಹ್ವಾದ್ಲು. ನಿಮ್ಮ ಫೋನ್ ಹತ್ತಲಿಲ್ಲ. ಗೋಕಾಕಕ್ಕ ಒಬ್ಬ ಮನಷ್ಯಾನ್ನ ಕಳಸೂಣಂತ ಗಾಡಿ ತಗದಿದ್ವಿ. ಅಷ್ಟೊತ್ತಿಗೆ ಇದರಾಗ ನಿಮ್ಮ ಹೆಸರು ಬಂತು.”

“ಎದರಾಗ?”

ಅವನು ಫೋನು ತೆಗೆದು ಅದೇ ಫೋಟೊ ತೋರಿಸಿದ. ಅದರ ಕೆಳಗೆ, ಯಾರು ಯಾರು ನೋಡಿದ್ದಾರೆ ಎಂಬ ಯಾದಿ. ಗ್ರೂಪಿನಲ್ಲಿ ಹಾಕಿದ್ದು ಯಾರ ಪರದೆಯ ಮೇಲೆ ಹಾದುಹೋದರೂ ಅಲ್ಲಿ ಅವರ ಹೆಸರು ಬರುತ್ತದಂತೆ. ಒತ್ತಲಿ, ಬಿಡಲಿ. ನನ್ನ ಹೆಸರಿತ್ತು.

“ಚಿಗವ್ವ ನೋಡ್ಯಾಳ, ಇನ್ನ ಸೀರಿ ತಗೊಂಡ ಹೊಂಡತಾಳ ಅಂತ ಗಾಡಿ ನಿಂದ್ರಿಸಿದ್ವಿ. ನಾಲ್ಕಕ್ಕ ಅಂದಿದ್ದು ಐದಾತು. ಬಸ್ ತಡಾ ಆಗಿರಬೇಕಂದ್ವಿ. ಆರಾತು. ನೋಡಿದವರಿಗೆ ಮತ್ತ ಮಂದಿ ಫೋನಿಲೆ ಏನ ಹೇಳೂದಂತ ಬಿಟ್ವಿ. ಹೊತ್ತ ಮುಳಗಾಕತ್ತಿತು, ಇನ್ನ ತಡಿಯಾಕ ಆಗೂದಿಲ್ಲಂದ್ರು ಹಿರ್ಯಾರು.”

“ನಾ ಓದಿಲ್ಲಪಾ. ಮುಖಾ ಅಷ್ಟ ಕಂಡಿತ್ತು. ಸಂಘದ ಅಧ್ಯಕ್ಷ ಆಗ್ಯಾಳಂತ ತಿಳಕೊಂಡೆ. ನಾ ಒತ್ತಲಿಲ್ಲ...”

“ನೋಡೀರಿ ಅಂತ ಇದರಾಗ ಐತಲ್ಲ ಚಿಗವ್ವ,” ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಜೀವ ಹಗುರಾಗುತ್ತಿತ್ತು.

ಬಾಗಿಲಲ್ಲಿ ಕೂತಿದ್ದ ಮುದುಕಿಯೊಬ್ಬಳು, “ಮಣ್ಣಿಗೂ ಬರೂದಿಲ್ಲ ಅಂದಿದ್ಲಂತಲ್ಲ, ಅಂದಂಗ ಮಾಡಿದ್ಲ ಬಿಡ್ರಿ,” ಎಂದು ಗೋಡೆಗೆ ಹೇಳಿದಳು. ನಾನು ಅರ್ಧ ಫೋಟೊದ ಮಾತು, ಬೇರೆ ಕಿಟಕಿಯ ಮಾತು, ಮೋಡದ ಮಾತು ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಅದು ಸುಳ್ಳು ಅಫಿಡವಿಟ್ಟಿನಂತೆ ನನ್ನ ಕಿವಿಗೇ ಕೇಳಿಸಿತು. ಅವರು ನಂಬಲಿಲ್ಲ. ನಂಬಿದ್ದರೂ ಏನು? ಎಂಬತ್ತು ಎಂಬ ಅಂಕಿ ನೋಡಿ ಹೊಟ್ಟೆಕಿಚ್ಚಿನಿಂದ ಒತ್ತಲಿಲ್ಲ ಎಂಬುದನ್ನು ನಾನು ಅಲ್ಲಿ ಹೇಳಲಿಲ್ಲ.

ಅಕ್ಕನ ಮಗ ಫೋನನ್ನು ತಿರುಗಿಸಿ ನೆಲದ ಮೇಲಿಟ್ಟ. “ಅವ್ವ ದಿನಾ ಈ ಯಾದಿನ ನೋಡತಿದ್ಲು ಚಿಗವ್ವ. ಒಂದೊಂದ ಫೋಟೊ ಹಾಕೂದು, ನಿಮ್ಮ ಹೆಸರು ಬಂತೇನಂತ ನನ್ನ ಕೇಳೂದು. ಬಂತಂದ್ರ ಸಾಕು, ‘ನೋಡ್ಯಾಳ ನೋಡು ನನ್ನ ತಂಗಿ’ ಅಂತಿದ್ಲು. ಅದಕ್ಕ ಅಷ್ಟ ಹಾಕತಿದ್ಲು.”

ಏಳು ತಿಂಗಳು ನಾನು ಕದ್ದು ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ಏಳು ತಿಂಗಳು ಅವಳಿಗೆ ಗೊತ್ತಿತ್ತು. ನನಗೆ ಅಲ್ಲಿ ಕೂಡಲಾಗಲಿಲ್ಲ.

“ಮತ್ತ ಸೀರಿ ಯಾರು ಹೊದಿಸಿದ್ರು?” ಎಂದು ಕೇಳಿದೆ.

ಮೂರು ಮನೆ ಆಚೆ, ಕೂಲಿಗೆ ಹೋಗುವ ಹೆಂಗಸೊಬ್ಬಳ ತವರೂ ಮೂಡಲಗಿಯಂತೆ. ನಮಗೆ ಬಳಗವಲ್ಲ, ಪರಿಚಯವೂ ಅಲ್ಲ. ಅದೇ ಊರಿನವಳು ಎಂಬುದೊಂದೇ. ಹೊತ್ತು ಮುಳುಗುವಾಗ ಹಿರಿಯರು ಅವಳನ್ನು ಕರೆಸಿ ತವರಿನವಳಾಗಿ ನಿಲ್ಲಿಸಿದರಂತೆ. ನಾನು ಅವಳ ಮನೆಗೆ ಹೋದೆ. ನನಗಿಂತ ಹಿರಿಯಳು, ಬಾಗಿದ ಬೆನ್ನು. ನನ್ನನ್ನು ನೋಡಿ ಒಂದು ಮಾತೂ ಕೇಳದೆ ಕಾಲಿಗೆ ಚಪ್ಪಲಿ ಮೆಟ್ಟಿ, “ಬಾರವ್ವ, ತೋರಸ್ತೀನಿ,” ಎಂದು ಅಕ್ಕನ ಗಂಡನ ಹೊಲದ ಕಡೆ ನಡೆದಳು.

ಬಾವಿಯ ಮಗ್ಗುಲಲ್ಲಿ ಹಸಿ ಮಣ್ಣಿನ ಗುಡ್ಡೆ ಇತ್ತು. ಮೇಲಿನ ಚೆಂಡು ಹೂವು ಆಗಲೇ ಬಾಡಿತ್ತು. ಒಂದು ಹಿಡಿ ಮಣ್ಣು ತೆಗೆದುಕೊಂಡು ಅದರ ಮೇಲೆ ಹಾಕಿದೆ. ಮುಚ್ಚಿದ ಮಣ್ಣಿನ ಮೇಲೆ ಹಾಕಿದ ಮಣ್ಣು ಜಾರಿ ಬದಿಗೆ ಬಿತ್ತು. ಚೀಲದಿಂದ ಸೀರೆ ತೆಗೆದು ಹಾಸಲು ಹೋದೆ. ಆ ಹೆಂಗಸು ಕೈ ಹಿಡಿದಳು.

“ಬ್ಯಾಡವ್ವ. ಇಲ್ಲಿ ಹಾಕಿದ್ರ ನಾಳೆ ಯಾರರ ಒಯ್ತಾರ.”

“ಹಂಗಾದ್ರ ನೀ ತಗೊ. ನಿನ್ನ ಸೀರಿ ಹೊದಿಸಿದ್ಯಲ್ಲ.”

“ಹೆಣಕ್ಕಂತ ತಂದ ಸೀರಿ ನಾ ಹೆಂಗ ಉಡಲವ್ವ?” ಎಂದಳು. ಸೀರೆಯನ್ನು ಮಡಚಿ ನನ್ನ ಕೈಗಿಟ್ಟು, “ನಾ ಹೊದಿಸಿದ್ದು ನನ್ನ ಹೆಸರಿಲೆ ಅಲ್ಲ,” ಎಂದಳು. “ಬಾಗಲಾ ನೋಡಕೋತ ಕುಂತಂಗ ಕಾಣತಿತ್ತ ಆ ಹೆಣ. ನನಗ ತಡಿಲಿಲ್ಲ. ಸೀರಿ ಹೊದಿಸೂ ಮುಂದ ಕಿವ್ಯಾಗ ಹೇಳೀನಿ, ನಿನ್ನ ತಂಗಿ ಕಳಸ್ಯಾಳ ಅಂತ.”

ಅಲ್ಲೇ ಬಾವಿಯ ಕಟ್ಟೆಯ ಮೇಲೆ ಕೂತೆ. ಫೋನಿನಲ್ಲಿ ಅಕ್ಕ ಕೇಳಿದ್ದು ಅಷ್ಟನ್ನೇ. ಅದನ್ನು ಆ ಹೆಂಗಸಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅವಳು ಪಕ್ಕದಲ್ಲಿ ಕೂತು, ನನ್ನ ಬೆನ್ನ ಮೇಲೆ ಕೈಯಿಟ್ಟಿದ್ದಳು. ಸೀರೆಯನ್ನು ಮತ್ತೆ ಚೀಲಕ್ಕೆ ಹಾಕಿ ಸಂಜೆಯ ಬಸ್ಸಿಗೆ ಗೋಕಾಕಕ್ಕೆ ಬಂದೆ.

ರಿಪೇರಿಯವನಿಗೆ ಬಾಯಿಗೆ ಬಂದಂತೆ ಬೈದೆ. “ಗ್ರೂಪಿನ್ಯಾಗ ಹಂಗಿರತೈತಂತ ನನಗೂ ಗೊತ್ತಿರಲಿಲ್ರಿ ಅಕ್ಕಾರ,” ಎಂದು ತಲೆ ತಗ್ಗಿಸಿ ನಿಂತ. ಅವನೇನು ನನ್ನ ಬೆರಳು ಹಿಡಿದಿದ್ದನೇ? ಆ್ಯಪು ಇನ್ನೂ ಇದೆ. ಒಂದು ಮಧ್ಯಾಹ್ನ ಕೂತು ಏಳು ತಿಂಗಳ ಫೋಟೊಗಳನ್ನು ಒಂದೊಂದಾಗಿ ಒತ್ತಿ, ನಾನು ನೋಡದ ಕೆಳಗಿನ ಅರ್ಧಗಳನ್ನು ನೋಡಿದೆ. ವಿಶೇಷವೇನೂ ಇರಲಿಲ್ಲ. ರಂಗೋಲಿಯ ಕೆಳಗೆ ಅವಳ ಪಾದ. ಬದನೆಕಾಯಿಯ ಕೆಳಗೆ ಅವಳ ಬುಟ್ಟಿ. ಮದುವೆಯ ಫೋಟೊದಲ್ಲಿ ಅವಳ ಕಾಲು ಬಾತಿದ್ದವು.

ಸೀರೆ ನನ್ನ ಟ್ರಂಕಿನಲ್ಲಿದೆ. ಮೊನ್ನೆ ಮಗಳನ್ನು ಕರೆದು ತೋರಿಸಿದೆ.

“ನಾ ಹೋದ ದಿನ ಇದನ್ನ ಹೊದಿಸು. ಯಾರರ ಬಣ್ಣದ ಮ್ಯಾಲೆ ತಕರಾರ ತಗದ್ರ ಅವರನ್ನ ಹೊರಗ ಹಾಕು. ತವರಿನ ಸೀರಿ ಅನ್ನು.”

“ಏನ ಮಾತಾಡ್ತಿಬೇ, ಸುಮ್ನಿರ,” ಎಂದಳು ಮಗಳು. “ತವರಾಗ ಯಾರದಾರ ತರಾಕ?”

“ಹೊದಿಸೂ ಮುಂದ ನನ್ನ ಕಿವ್ಯಾಗ ಒಂದ ಮಾತ ಹೇಳು, ಸಾಕು.”

“ಏನಂತ?”

“ನಿಮ್ಮಕ್ಕ ಕಳಸ್ಯಾಳ ಅಂತ ಹೇಳು.”